ಅಪ್‌ಗ್ರೇಡ್ ಬಟನ್ ಒತ್ತುವ ಮುಂಚೆ: ಮನೆ ಕಂಪ್ಯೂಟರಿಗೆ ವಿಂಡೋಸ್ 11

ವಿಂಡೋಸ್ 10 ಬಂದದ್ದು 2015ರಲ್ಲಿ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್‌ಗಳು ನಿಂತವು. ಮಾರನೇ ದಿನವೂ ಕಂಪ್ಯೂಟರ್ ಎಂದಿನಂತೆ ಆನ್ ಆಯ್ತು. ಅದಕ್ಕೇ ತುಂಬಾ ಜನ "ನಡೀತಾ ಇದೆಯಲ್ಲ, ಇರಲಿ ಬಿಡು" ಅಂತ ಸುಮ್ಮನಿದ್ದಾರೆ. ಆದರೆ ಹೊಸದಾಗಿ ಪತ್ತೆಯಾಗುವ ಲೋಪಗಳಿಗೆ ಇನ್ನು ತಾನಾಗಿ ತೇಪೆ ಬರುವುದಿಲ್ಲ. ಬ್ಯಾಂಕಿನ ಕೆಲಸ, ಮೇಲ್, ಮನೆಯವರ ಫೋಟೋಗಳು ಎಲ್ಲವೂ ಅದೇ ಕಂಪ್ಯೂಟರಿನಲ್ಲಿದ್ದರೆ ದಯವಿಟ್ಟು ಇದನ್ನು ಮುಂದೂಡಬೇಡಿ.

ನಮ್ಮ ಮನೆಯಲ್ಲಿ ಕಂಪ್ಯೂಟರ್ ವಿಷಯ ಅಂದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ. ಅಪ್ಪನ ಡೆಸ್ಕ್‌ಟಾಪ್, ಅತ್ತಿಗೆಯ ಲ್ಯಾಪ್‌ಟಾಪ್, ಚಿಕ್ಕಪ್ಪನ ಹಳೇ ಮಷಿನ್ ಮೂರನ್ನೂ ನಾನೇ ಮಾಡಿಕೊಟ್ಟೆ. ಒಂದೊಂದರದ್ದು ಒಂದೊಂದು ದಾರಿ ಆಯ್ತು. ಅದರಿಂದ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ನಿಮ್ಮ ಪಾಲಿನ ಕೆಲಸ ಬಹುತೇಕ ಅಪ್‌ಗ್ರೇಡ್ ಬಟನ್ ಒತ್ತುವ ಮುಂಚೆಯೇ ಮುಗಿದಿರಬೇಕು. ಒತ್ತಿದ ಮೇಲೆ ಕಂಪ್ಯೂಟರ್ ತನ್ನ ಪಾಡಿಗೆ ತಾನು ಮಾಡಿಕೊಳ್ಳುತ್ತದೆ, ನೀವು ಕಾಯಬೇಕಷ್ಟೇ. ಹಾಗಾಗಿ ಈ ಬರಹದಲ್ಲೂ ತಯಾರಿಯ ಮಾತೇ ಜಾಸ್ತಿ.

ನಿಮ್ಮ ಕಂಪ್ಯೂಟರಿಗೆ ಆಗುತ್ತಾ?

4 ಜಿಬಿ ರ್ಯಾಮ್, 64 ಜಿಬಿ ಡಿಸ್ಕ್ ಇದ್ದರೆ ಸಾಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. 4 ಜಿಬಿಯಲ್ಲಿ ಬ್ರೌಸರಿನ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬರುತ್ತದೆ. ನನ್ನ ಪ್ರಕಾರ 8 ಜಿಬಿಗಿಂತ ಕಡಿಮೆ ಇದ್ದರೆ ಮೊದಲು ರ್ಯಾಮ್ ಹಾಕಿಸಿ. ಇನ್ನೂ ಹಳೇ ತಿರುಗುವ ಹಾರ್ಡ್ ಡಿಸ್ಕಿನಿಂದಲೇ ವಿಂಡೋಸ್ ಶುರುವಾಗುತ್ತಿದ್ದರೆ ಅದಕ್ಕಿಂತ ತುಂಬಾ ವೇಗದ ಎಸ್‌ಎಸ್‌ಡಿಯನ್ನೂ ಈಗಲೇ ಹಾಕಿಸಿಬಿಡಿ.

ರ್ಯಾಮ್, ಡಿಸ್ಕ್ ಬದಲಾಯಿಸಬಹುದು. ಪ್ರೊಸೆಸರ್ ಹಾಗಲ್ಲ. ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನದ್ದು ಅಥವಾ ಅದರ ನಂತರದ್ದು, ಎಎಂಡಿ ಆದರೆ ರೈಜೆನ್ 2000 ಸರಣಿಯದ್ದು ಅಥವಾ ಅದರ ನಂತರದ್ದು ಬೇಕು. ಇದರ ಜೊತೆಗೆ ಟಿಪಿಎಂ 2.0 ಬೇಕು, ಯುಇಎಫ್ಐ (ಕಂಪ್ಯೂಟರ್ ಶುರುವಾಗುವ ಹೊಸ ಪದ್ಧತಿ) ಮತ್ತು ಸೆಕ್ಯೂರ್ ಬೂಟ್ (ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರನ್ನು ಮಾತ್ರ ಬಿಡುವ ವ್ಯವಸ್ಥೆ) ಬೇಕು. ಟಿಪಿಎಂ ಅಂದರೆ ಗುಟ್ಟಿನ ಕೀಗಳನ್ನು ಉಳಿದ ಸಾಫ್ಟ್‌ವೇರ್ ಕೈಗೆ ಸಿಗದ ಹಾಗೆ ಕಾಪಾಡುವ ಒಂದು ಭಾಗ. ಇತ್ತೀಚಿನ ಕಂಪ್ಯೂಟರ್‌ಗಳಲ್ಲಿ ಬೇರೆ ಚಿಪ್ ಇಲ್ಲದೆ ಪ್ರೊಸೆಸರ್ ಒಳಗೇ ಇದು ಬಂದಿರುತ್ತದೆ.

ಇದನ್ನೆಲ್ಲ ಒಂದೇ ಸಲ ನೋಡಿ ಹೇಳಲು ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಎಂಬ ಪುಟ್ಟ ಆ್ಯಪ್ ಇದೆ. ಅದನ್ನು ಹಾಕಿ "ಚೆಕ್ ನೌ" ಒತ್ತಿ. "ಆಗಲ್ಲ" ಅಂತ ಬಂದರೆ ತಕ್ಷಣ ಕೈಬಿಡಬೇಡಿ. ಯಾವ ಕಾರಣಕ್ಕೆ ಆಗಲ್ಲ ಅಂತಲೂ ಅದು ಹೇಳುತ್ತದೆ, ಆ ಸಾಲನ್ನು ಓದಿ. ಪ್ರೊಸೆಸರ್ ಹಳೆಯದು ಅಂದರೆ ಬೇರೆ ದಾರಿ ಹುಡುಕಬೇಕು. ಟಿಪಿಎಂ ಇಲ್ಲ, ಸೆಕ್ಯೂರ್ ಬೂಟ್ ಇಲ್ಲ ಅಂದರೆ ಅವು ಇದ್ದೂ ಆಫ್ ಆಗಿರುವ ಸಾಧ್ಯತೆ ತುಂಬಾ ಇದೆ.

ಅಪ್ಪನ ಡೆಸ್ಕ್‌ಟಾಪಿನ ಕಥೆ ಅದೇ. ಎಂಟನೇ ತಲೆಮಾರಿನ ಐ5, 8 ಜಿಬಿ ರ್ಯಾಮ್, ಎಸ್‌ಎಸ್‌ಡಿ, ಎಲ್ಲ ಸರಿ ಇತ್ತು. ಆದರೂ ಹೆಲ್ತ್ ಚೆಕ್ ಒಪ್ಪಲಿಲ್ಲ. ಬಯಾಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ಒಳಗೆ ಹೋಗಿ ನೋಡಿದರೆ ಟಿಪಿಎಂ ಎಂಬ ಹೆಸರೇ ಎಲ್ಲೂ ಇಲ್ಲ! ಇಂಟೆಲ್ ಬೋರ್ಡುಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಪಿಟಿಟಿ ಅಂತ ಹೆಸರು, ಎಎಂಡಿಯಲ್ಲಿ ಎಫ್‌ಟಿಪಿಎಂ. ಅಡ್ವಾನ್ಸ್ಡ್ ಅಥವಾ ಸೆಕ್ಯುರಿಟಿ ಪುಟದಲ್ಲಿ ಹುಡುಕಿ ಅದನ್ನು ಎನೇಬಲ್ ಮಾಡಿ. ಅಲ್ಲೇ ಪಕ್ಕದಲ್ಲಿ "ಕ್ಲಿಯರ್ ಟಿಪಿಎಂ" ಅಂತ ಇದ್ದರೆ ಅದನ್ನು ಮುಟ್ಟಲೇಬೇಡಿ. ಒಳಗಿರುವ ಕೀಗಳು ಅಳಿಸಿಹೋಗುತ್ತವೆ.

ಹಳೇ ರೀತಿ ಹಾಕಿದ ವಿಂಡೋಸ್ ಇದ್ದರೆ

ಸ್ಟಾರ್ಟ್ ಮೆನುವಿನಲ್ಲಿ "ಸಿಸ್ಟಮ್ ಇನ್ಫರ್ಮೇಶನ್" ಹುಡುಕಿ ತೆರೆಯಿರಿ. ಬಲಗಡೆ "ಬಯಾಸ್ ಮೋಡ್" ಅಂತ ಒಂದು ಸಾಲು ಇರುತ್ತದೆ. ಅದರ ಮುಂದೆ ಯುಇಎಫ್ಐ ಅಂತ ಇದ್ದರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಿ. "ಲೆಗಸಿ" ಅಂತ ಇದ್ದರೆ ನಿಮ್ಮ ಡಿಸ್ಕ್ ಎಂಬಿಆರ್ ಎಂಬ ಹಳೇ ಪದ್ಧತಿಯಲ್ಲಿದೆ. ಅದನ್ನು ಜಿಪಿಟಿ ಎಂಬ ಹೊಸ ಪದ್ಧತಿಗೆ ಬದಲಾಯಿಸಬೇಕು.

ಇದಕ್ಕೆ ಎಲ್ಲ ಅಳಿಸಿ ಹೊಸದಾಗಿ ಹಾಕಲೇಬೇಕು ಅಂತ ಕೆಲವರು ಹೇಳುತ್ತಾರೆ. ಬೇಕಿಲ್ಲ. ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಎಂಬ ಕಮ್ಯಾಂಡ್ ಇದೆ. ಫೈಲ್‌ಗಳನ್ನು ಅಳಿಸದೆ ಡಿಸ್ಕನ್ನು ಬದಲಾಯಿಸುತ್ತದೆ. ಕಮ್ಯಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೊದಲು "ವ್ಯಾಲಿಡೇಟ್" ಆಯ್ಕೆಯೊಂದಿಗೆ ಓಡಿಸಿ. ಅದು ಬರೀ ಪರೀಕ್ಷೆ, ಏನನ್ನೂ ಬದಲಾಯಿಸುವುದಿಲ್ಲ. ಪಾಸಾದರೆ "ಕನ್ವರ್ಟ್" ಆಯ್ಕೆಯೊಂದಿಗೆ ಓಡಿಸಿ. ವಿಂಡೋಸ್ ಒಳಗಿನಿಂದಲೇ ಮಾಡುತ್ತಿರುವುದರಿಂದ ಎರಡು ಸಲವೂ ಜೊತೆಗೆ "ಅಲೋ ಫುಲ್ ಓಎಸ್" ಆಯ್ಕೆ ಸೇರಿಸಬೇಕು, ನಡುವೆ ಜಾಗ ಬಿಡದೆ ಒಂದೇ ಪದವಾಗಿ. ಪ್ರತಿ ಆಯ್ಕೆಯ ಹಿಂದೆ ಒಂದು ಸ್ಲಾಶ್. ಡಿಸ್ಕಿನಲ್ಲಿ ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಶನ್ (ಡಿಸ್ಕಿನ ವಿಭಾಗ) ಇದ್ದರೆ, ಅಥವಾ ಎಕ್ಸ್‌ಟೆಂಡೆಡ್ ಪಾರ್ಟಿಶನ್ ಇದ್ದರೆ, ಪರೀಕ್ಷೆಯಲ್ಲೇ ಫೇಲ್ ಆಗುತ್ತದೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದ್ದರೆ ಮೊದಲು ಅದನ್ನು ಸಸ್ಪೆಂಡ್ ಮಾಡಿ, ಅಂದರೆ ಸದ್ಯಕ್ಕೆ ನಿಲ್ಲಿಸಿ.

ಕನ್ವರ್ಟ್ ಮುಗಿದ ತಕ್ಷಣದ ಹೆಜ್ಜೆ ಮುಖ್ಯ. ರೀಸ್ಟಾರ್ಟ್ ಮಾಡುವಾಗ ನೇರ ಬಯಾಸಿಗೆ ಹೋಗಿ, ಲೆಗಸಿ ಅಥವಾ ಸಿಎಸ್ಎಂ ಎಂಬ ಹಳೇ ಪದ್ಧತಿಯನ್ನು ಆಫ್ ಮಾಡಿ ಯುಇಎಫ್ಐ ಆರಿಸಬೇಕು. ಹಾಗೆ ಮಾಡದಿದ್ದರೆ ವಿಂಡೋಸ್ ಶುರುವಾಗುವುದಿಲ್ಲ. ಗಾಬರಿ ಬೇಡ, ಡಿಸ್ಕ್ ಕೆಟ್ಟಿರುವುದಿಲ್ಲ. ಬಯಾಸಿನಲ್ಲಿ ಬದಲಾಯಿಸಿದರೆ ಬರುತ್ತದೆ. ಒಮ್ಮೆ ಸರಿಯಾಗಿ ಶುರುವಾದ ಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿ.

ಇಷ್ಟೆಲ್ಲ ಮಾಡುವ ಮುಂಚೆ, ಅಂದರೆ ಬಯಾಸಿಗೆ ಕೈ ಹಾಕುವ ಮುಂಚೆಯೇ, ಮುಂದಿನ ಎರಡು ಕೆಲಸ ಆಗಿರಬೇಕು.

48 ಅಂಕಿ

ಅತ್ತಿಗೆಯ ಲ್ಯಾಪ್‌ಟಾಪಿನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಆಗಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಕೂಡಲೇ ತಾನಾಗಿ ಆನ್ ಆಗುತ್ತದೆ. ಡಿಸ್ಕಿನಲ್ಲಿರುವುದೆಲ್ಲ ಬೀಗದೊಳಗೆ, ಕೀ ಟಿಪಿಎಂ ಹತ್ತಿರ. ಲ್ಯಾಪ್‌ಟಾಪ್ ಕಳುವಾದರೆ ಇದು ದೊಡ್ಡ ರಕ್ಷಣೆ. ಆದರೆ ಬಯಾಸಿನಲ್ಲಿ ಸೆಕ್ಯೂರ್ ಬೂಟನ್ನೋ ಟಿಪಿಎಂ ಸೆಟ್ಟಿಂಗನ್ನೋ ಬದಲಾಯಿಸಿದರೆ ಟಿಪಿಎಂ ಕೀ ಕೊಡದೆ ಇರಬಹುದು. ಆಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಒಳಗಿನದನ್ನು ಯಾರೂ ತೆಗೆದುಕೊಡಲಾರರು, ಮೈಕ್ರೋಸಾಫ್ಟಿನವರೂ ಸಹ.

ಹಾಗಾಗಿ ಮೊದಲೇ ನೋಡಿ. ಸೆಟ್ಟಿಂಗ್ಸ್ ತೆರೆದು "ಅಪ್‌ಡೇಟ್ ಅಂಡ್ ಸೆಕ್ಯುರಿಟಿ" ಒಳಗೆ "ಡಿವೈಸ್ ಎನ್‌ಕ್ರಿಪ್ಶನ್" ಇದೆಯಾ ನೋಡಿ. ಪ್ರೊ ಆವೃತ್ತಿಯಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ನೋಡಿ. ಆನ್ ಇದ್ದರೆ ಫೋನಿನ ಬ್ರೌಸರಿನಲ್ಲಿ ಅದೇ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ರಿಕವರಿ ಕೀ ತೆಗೆಯಿರಿ. ಆರಾರು ಅಂಕಿಯ ಎಂಟು ಗುಂಪು ಕಾಣುತ್ತವೆ. ಕಾಗದದ ಮೇಲೆ ಬರೆದುಕೊಳ್ಳಿ, ಮೇಲೆ ಕಾಣುವ ಕೀ ಐಡಿಯನ್ನೂ ಬರೆದುಕೊಳ್ಳಿ. ಅತ್ತಿಗೆಗೆ ಎರಡು ಅಕೌಂಟ್ ಇದ್ದವು, ಕೀ ಸಿಕ್ಕಿದ್ದು ಅವರು ಮರೆತೇಬಿಟ್ಟಿದ್ದ ಹಳೇ ಅಕೌಂಟಿನಲ್ಲಿ. ನೀಲಿ ಪರದೆ ಬಂದ ಮೇಲೆ ಈ ಹುಡುಕಾಟ ನಡೆಸಿದ್ದರೆ ಎಂಥ ಸಂಕಟ ಅಲ್ವಾ?

ಬ್ಯಾಕಪ್ ಅಂದರೆ ತೆರೆದು ನೋಡಿದ ಬ್ಯಾಕಪ್

ಅಪ್‌ಗ್ರೇಡ್ ಫೈಲ್‌ಗಳನ್ನು ಉಳಿಸಿಕೊಳ್ಳುತ್ತದೆ, ನಿಜ. ಆದರೂ ಮಧ್ಯದಲ್ಲಿ ಕರೆಂಟ್ ಹೋಗಬಹುದು, ಹಳೇ ಡಿಸ್ಕ್ ಅವತ್ತೇ ಕೈಕೊಡಬಹುದು. ಬ್ಯಾಕಪ್ ಇಲ್ಲದೆ ಮುಂದೆ ಹೋಗಬೇಡಿ.

ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನದ್ದನ್ನು ನೋಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತವೆ. ಡೌನ್‌ಲೋಡ್ಸ್ ಮರೆಯುತ್ತಾರೆ. ಅಪ್ಪನ ಮುಖ್ಯ ಕಾಗದಗಳೆಲ್ಲ ಇದ್ದದ್ದು ಡೌನ್‌ಲೋಡ್ಸ್‌ನಲ್ಲೇ. ಮೇಲ್‌ನಿಂದ ಇಳಿಸಿಕೊಂಡ ಪಿಡಿಎಫ್ ಎಲ್ಲಿಗೆ ಹೋಗುತ್ತೋ ಅಲ್ಲೇ ಬಿಟ್ಟಿದ್ದರು. ಮನೆಯಲ್ಲಿ ಎಷ್ಟು ಜನ ಲಾಗಿನ್ ಆಗುತ್ತಾರೋ ಅಷ್ಟೂ ಜನರ ಫೋಲ್ಡರ್ ನೋಡಿ. ಬ್ರೌಸರಿನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳು ಸಿಂಕ್ ಆಗಿವೆಯಾ ಖಚಿತ ಮಾಡಿಕೊಳ್ಳಿ. ಔಟ್‌ಲುಕ್‌ನ ಹಳೇ ಮೇಲ್‌ಗಳು ಪಿಎಸ್‌ಟಿ ಫೈಲಿನಲ್ಲಿದ್ದರೆ ಅದೂ ಬೇಕು.

ಒನ್‌ಡ್ರೈವ್ ಬಳಸುವವರು ಇನ್ನೊಂದು ನೋಡಬೇಕು. ಫೈಲಿನ ಪಕ್ಕ ಪುಟ್ಟ ಮೋಡದ ಗುರುತು ಇದ್ದರೆ ಆ ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಅದನ್ನು ಬ್ಯಾಕಪ್‌ಗೆ ಸೇರಿಸಬೇಕಾದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಆರಿಸಿ, ಪೂರ್ತಿ ಇಳಿಯುವವರೆಗೆ ಕಾಯಿರಿ.

ನುಡಿ, ಬರಹದಲ್ಲಿ ಯೂನಿಕೋಡ್ ಇಲ್ಲದೆ ಟೈಪ್ ಮಾಡಿದ ಹಳೇ ಕಡತಗಳಿದ್ದರೆ ಅವುಗಳ ಫಾಂಟ್‌ಗಳನ್ನೂ ಕಾಪಿ ಮಾಡಿಡಿ. ಅಪ್‌ಗ್ರೇಡ್‌ನಲ್ಲಿ ಫಾಂಟ್ ಉಳಿಯುತ್ತದೆ. ಎಲ್ಲ ಅಳಿಸಿ ಹೊಸದಾಗಿ ಹಾಕಿದರೆ ಹೋಗುತ್ತದೆ, ಆಗ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಕಾಪಿ ಮುಗಿದ ಮೇಲೆ ಆ ಹಾರ್ಡ್ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ. ಹಳೇ ವರ್ಷದ ಒಂದು ಫೋಟೋ, ಒಂದು ವಿಡಿಯೋ, ಒಂದು ವರ್ಡ್ ಫೈಲ್ ತೆರೆಯಿರಿ. ವಿಡಿಯೋವನ್ನು ಮಧ್ಯಕ್ಕೆ ಎಳೆದು ಓಡಿಸಿ ನೋಡಿ. ಅರ್ಧ ಕಾಪಿಯಾದ ವಿಡಿಯೋ ಕೂಡ ಎಷ್ಟೋ ಸಲ ಶುರುವಿನಲ್ಲಿ ಚೆನ್ನಾಗಿಯೇ ಓಡುತ್ತದೆ. ನೋಡಿ ಆದ ಮೇಲೆ ಡಿಸ್ಕನ್ನು ತೆಗೆದಿಡಿ. ಅಪ್‌ಗ್ರೇಡ್ ನಡೆಯುವಾಗ ಅದು ಕಂಪ್ಯೂಟರಿಗೆ ಸಿಕ್ಕಿಸಿರಬಾರದು.

ಈಗ ಬಟನ್

ಸಿ ಡ್ರೈವಿನಲ್ಲಿ 30 ಜಿಬಿಯಾದರೂ ಖಾಲಿ ಮಾಡಿಕೊಳ್ಳಿ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ತೆಗೆದುಬಿಡಿ, ವಿಂಡೋಸ್ ಜೊತೆ ಬರುವ ಡಿಫೆಂಡರ್ ಅಲ್ಲಿವರೆಗೆ ನೋಡಿಕೊಳ್ಳುತ್ತದೆ. ಕೀಬೋರ್ಡ್, ಮೌಸ್ ಬಿಟ್ಟು ಉಳಿದ ಯುಎಸ್‌ಬಿಗಳನ್ನೆಲ್ಲ ತೆಗೆಯಿರಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇರಲಿ.

ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ವಿಂಡೋಸ್ 11 ಕಾಣಿಸಿದರೆ "ಡೌನ್‌ಲೋಡ್ ಅಂಡ್ ಇನ್‌ಸ್ಟಾಲ್" ಒತ್ತಿ. ಕಾಣಿಸದಿದ್ದರೆ ಮೈಕ್ರೋಸಾಫ್ಟ್ ತಾಣದಿಂದ ಇನ್‌ಸ್ಟಲೇಶನ್ ಅಸಿಸ್ಟೆಂಟ್ ಇಳಿಸಿಕೊಂಡು ಓಡಿಸಿ. ಬೇರೆ ಎಲ್ಲಿಂದಲೂ ಇಳಿಸಬೇಡಿ. ಅಸಲಿ ವಿಂಡೋಸ್ 10 ಇದ್ದವರಿಗೆ ಇದು ಉಚಿತ, ಹೊಸ ಕೀ ಕೊಳ್ಳಬೇಕಿಲ್ಲ. 32 ಬಿಟ್ ವಿಂಡೋಸ್ 10 ಇದ್ದವರಿಗೆ ಮಾತ್ರ ಈ ದಾರಿ ಇಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಅವರು 8 ಜಿಬಿಯ ಇನ್‌ಸ್ಟಲೇಶನ್ ಪೆನ್‌ಡ್ರೈವ್ ಮಾಡಿಕೊಂಡು ಹೊಸದಾಗಿಯೇ ಹಾಕಬೇಕು.

ಆಮೇಲೆ ಕಾಯಿರಿ. ಕಂಪ್ಯೂಟರ್ ಕೆಲವು ಸಲ ರೀಸ್ಟಾರ್ಟ್ ಆಗುತ್ತದೆ. ಶೇಕಡಾವಾರು ಅಂಕಿ ಒಂದೇ ಕಡೆ ತುಂಬಾ ಹೊತ್ತು ನಿಂತರೂ ಪವರ್ ಬಟನ್ ಒತ್ತಬೇಡಿ. ಡಿಸ್ಕ್ ಲೈಟ್ ಮಿಣುಕುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಅಂತಲೇ ಅರ್ಥ.

ಆಗದೇ ಇದ್ದವರಿಗೆ

ಚಿಕ್ಕಪ್ಪನ ಮಷಿನ್‌ನದು ನಾಲ್ಕನೇ ತಲೆಮಾರಿನ ಪ್ರೊಸೆಸರ್. ತಪಾಸಣೆ ತಪ್ಪಿಸಿ ವಿಂಡೋಸ್ 11 ತುರುಕುವ ಉಪಾಯಗಳಿವೆ. ಕಂಪ್ಯೂಟರ್ ಬಿಚ್ಚಿ ಕಟ್ಟುವ ಹವ್ಯಾಸ ಇರುವವರು ಮಾಡಿಕೊಳ್ಳಲಿ. ಮನೆಯ ಹಿರಿಯರು ದಿನಾ ನಂಬಿ ಕೂರುವ ಕಂಪ್ಯೂಟರಿಗೆ ನಾನು ಹಾಗೆ ಮಾಡುವುದಿಲ್ಲ. ಮುಂದಿನ ಅಪ್‌ಡೇಟ್‌ಗಳು ಬಂದೇ ಬರುತ್ತವೆ ಅನ್ನುವ ಭರವಸೆಯನ್ನು ಮೈಕ್ರೋಸಾಫ್ಟ್ ಅಂಥ ಕಂಪ್ಯೂಟರಿಗೆ ಕೊಡುವುದಿಲ್ಲ.

ವಿಂಡೋಸ್ 10ರಲ್ಲೇ ಇರಬೇಕು ಅನ್ನುವವರಿಗೆ ಇಎಸ್‌ಯು ಎಂಬ ಹೆಚ್ಚುವರಿ ಅಪ್‌ಡೇಟ್ ಯೋಜನೆಯನ್ನು ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಪ್ರಕಟಿಸಿತು. ಅದು ಉಸಿರಾಡಲು ಸಿಗುವ ಸಮಯ ಅಷ್ಟೇ. ಚಿಕ್ಕಪ್ಪನಿಗೆ ಬೇಕಾದದ್ದು ಬ್ರೌಸರ್, ಮೇಲ್, ವಿಡಿಯೋ, ಆಗೊಮ್ಮೆ ಈಗೊಮ್ಮೆ ಒಂದು ಪತ್ರ. ವಿಂಡೋಸಿನ ಬದಲು ಲಿನಕ್ಸ್ ಮಿಂಟ್ 22 ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟೆ. ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಡಿಸ್ಕನ್ನು ಮುಟ್ಟುವುದೇ ಇಲ್ಲ. ಹಾಗೆ ಓಡಿಸಿ, ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಪ್ರಿಂಟರ್ ಕೆಲಸ ಮಾಡುತ್ತಾ ಅಂತ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆವು. "ಇಷ್ಟೇನಾ? ಇದೇ ಇರಲಿ ಬಿಡು" ಅಂದರು. ವಿಂಡೋಸಿನಲ್ಲಿ ಮಾತ್ರ ನಡೆಯುವ ಸಾಫ್ಟ್‌ವೇರ್ ಮೇಲೆ ನಿಮ್ಮ ಕೆಲಸ ನಿಂತಿದ್ದರೆ ಈ ದಾರಿ ಹಿಡಿಯಬೇಡಿ.

ಮೊದಲ ಹತ್ತು ದಿನ

ವಿಂಡೋಸ್ 11 ಬಂದ ಮೇಲೆ ಮತ್ತೆ ವಿಂಡೋಸ್ ಅಪ್‌ಡೇಟ್ ಓಡಿಸಿ, ಹೊಸದೇನೂ ಇಲ್ಲ ಅನ್ನುವವರೆಗೆ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಇದ್ದರೆ ಆ ಡ್ರೈವರನ್ನು ಕಂಪ್ಯೂಟರ್ ಅಥವಾ ಬೋರ್ಡ್ ತಯಾರಿಸಿದವರ ತಾಣದಿಂದಲೇ ತನ್ನಿ. ಒನ್‌ಡ್ರೈವ್ ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ತನ್ನ ಕಡೆ ಎಳೆದುಕೊಂಡಿದೆಯಾ ನೋಡಿ, ಬೇಡವಾದರೆ ಅದರ ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ.

ಅಪ್ಪನಿಗೆ ದೊಡ್ಡ ತೊಂದರೆ ಆದದ್ದು ಸ್ಟಾರ್ಟ್ ಬಟನ್ ಮಧ್ಯಕ್ಕೆ ಹೋದದ್ದು. ಇಂಥದ್ದನ್ನು ಸಣ್ಣದು ಅಂದುಕೊಳ್ಳಬೇಡಿ. ವರ್ಷಾನುಗಟ್ಟಲೆ ಎಡಮೂಲೆಗೆ ಹೋಗಿ ರೂಢಿಯಾದ ಕೈ ಅದು. ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಅದರಲ್ಲಿ ಬಿಹೇವಿಯರ್ಸ್, ಅಲೈನ್‌ಮೆಂಟನ್ನು "ಲೆಫ್ಟ್" ಮಾಡಿ. ರೈಟ್ ಕ್ಲಿಕ್ ಮೆನುವಿನಲ್ಲಿ ಹಳೇ ಆಯ್ಕೆಗಳು ಕಾಣದಿದ್ದರೆ "ಶೋ ಮೋರ್ ಆಪ್ಶನ್ಸ್" ಒತ್ತಬೇಕು. ಈ ಎರಡನ್ನು ತೋರಿಸಿಕೊಟ್ಟ ಮೇಲೆ ಅಪ್ಪ ತಾವೇ ಮುಂದುವರಿದರು.

ಹಳೇ ವಿಂಡೋಸಿಗೆ ವಾಪಸ್ ಹೋಗುವ ದಾರಿ ಹತ್ತು ದಿನ ಮಾತ್ರ ತೆರೆದಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ "ಗೋ ಬ್ಯಾಕ್" ಅಂತ ಇರುತ್ತದೆ. ಅಷ್ಟರೊಳಗೆ ಮನೆಯವರು ಆ ಕಂಪ್ಯೂಟರಿನಲ್ಲಿ ಮಾಡುವ ಪ್ರತಿ ಕೆಲಸವನ್ನೂ ಒಮ್ಮೆ ಮಾಡಿಸಿ ನೋಡಿ: ಪ್ರಿಂಟ್, ಸ್ಕ್ಯಾನ್, ವಿಡಿಯೋ ಕರೆ, ಡಿಜಿಟಲ್ ಸಹಿಯ ಯುಎಸ್‌ಬಿ ಇದ್ದರೆ ಅದೂ. ಹಳೇ ಸ್ಕ್ಯಾನರ್‌ಗಳು ತಕರಾರು ಮಾಡುವುದು ಜಾಸ್ತಿ. ವರ್ಷಕ್ಕೊಮ್ಮೆ ಬಳಸುವ ಸಾಫ್ಟ್‌ವೇರನ್ನೂ ಈಗಲೇ ತೆರೆಯಿರಿ. ಎಲ್ಲ ಸರಿ ಇದ್ದರೆ ಸ್ಟೋರೇಜ್ ಸೆಟ್ಟಿಂಗ್‌ನ ಟೆಂಪರರಿ ಫೈಲ್ಸ್‌ನಲ್ಲಿ "ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್ಸ್" ಅಳಿಸಿ, ಹಲವು ಜಿಬಿ ಜಾಗ ಸಿಗುತ್ತದೆ. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿರುವ ಬ್ಯಾಕಪ್ ಮಾತ್ರ ಹಾಗೇ ಇರಲಿ.