ಬಾಯಿ ಬಿಡುತ್ತಿದ್ದ ಸ್ಕ್ರೂ: ಶಿರಸಿಯ ಲೇತ್ ಅಂಗಡಿಯಲ್ಲಿ ಸಿಕ್ಕ ಉತ್ತರ

ಬೆನ್ನುಮೂಳೆಯ ಆಪರೇಷನ್‌ನಲ್ಲಿ ಹಾಕುವ ಸ್ಕ್ರೂಗಳನ್ನು ಡಿಸೈನ್ ಮಾಡುವುದು ನನ್ನ ಕೆಲಸ. ಕಂಪನಿ ಇರುವುದು ಬೆಂಗಳೂರಿನಲ್ಲಿ, ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. 2021ರಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಒಂದು ಸ್ಕ್ರೂ ನನ್ನ ನಿದ್ದೆ ಕೆಡಿಸಿತ್ತು.

ನಮ್ಮ ತೋಟದಲ್ಲಿ ವರ್ಷಗಟ್ಟಲೆ ಅಡಿಕೆ ಕೊನೆ ಕೊಯ್ದವರೊಬ್ಬರು ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ, ಈಗ ನಡೆದಾಡುತ್ತಾರೆ. ನಾನು ಇಂಥದ್ದೇ ಕೆಲಸ ಮಾಡುತ್ತೇನೆ ಅಂತ ಗೊತ್ತಾದ ದಿನ ಬೆನ್ನು ಮುಟ್ಟಿಕೊಂಡು ಕೇಳಿದರು, "ತಮಾ, ಒಳಗಿನ ನಟ್ಟು ಸಡಿಲ ಆಗೂದಿಲ್ಲ ಅಲ್ವಾ?" ಅವರ ಬೆನ್ನಲ್ಲಿದ್ದದ್ದು ನಮ್ಮ ಸ್ಕ್ರೂ ಅಲ್ಲ. ಆದರೂ ನನಗೆ ತಕ್ಷಣ ಉತ್ತರ ಬಾಯಿಗೆ ಬರಲಿಲ್ಲ. ನನ್ನ ಮೇಜಿನ ಮೇಲಿದ್ದ ಸಮಸ್ಯೆಯೂ ಅದೇ ಆಗಿತ್ತು.

ಈ ಸ್ಕ್ರೂ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಬೆನ್ನುಮೂಳೆಯ ಪ್ರತಿ ಮಣಿಯ ಹಿಂಭಾಗದಲ್ಲಿ ಎರಡು ಗಟ್ಟಿ ಮೂಳೆಯ ಕಂಬಗಳಿರುತ್ತವೆ. ಅವಕ್ಕೆ ಪೆಡಿಕಲ್ ಅನ್ನುತ್ತಾರೆ. ಸ್ಕ್ರೂ ಅದರೊಳಗಿಂದ ಹೋಗುತ್ತದೆ. ಹೊರಗೆ ಉಳಿಯುವ ತಲೆ ಇಂಗ್ಲಿಷಿನ ಯು ಅಕ್ಷರದ ಹಾಗೆ, ಎರಡು ಗೋಡೆ, ನಡುವೆ ಕಾಲುವೆ. ಆ ಕಾಲುವೆಯಲ್ಲಿ 5.5 ಮಿ.ಮೀ. ದಪ್ಪದ ಟೈಟಾನಿಯಂ ಸರಳು ಮಲಗುತ್ತದೆ. ಮೇಲಿಂದ ಒಂದು ಪುಟ್ಟ ಸೆಟ್ ಸ್ಕ್ರೂ ತಿರುಗಿಸಿ ಸರಳನ್ನು ಬಿಗಿಯುತ್ತಾರೆ. ಮೂಳೆ ಮೂಳೆ ಕೂಡಿಕೊಳ್ಳುವವರೆಗೆ ತಿಂಗಳುಗಟ್ಟಲೆ ಆ ಬಿಗಿ ಉಳಿಯಬೇಕು. ನಡೆದರೆ, ಬಗ್ಗಿದರೆ, ಕೆಮ್ಮಿದರೂ ಅದರ ಮೇಲೆ ಭಾರ ಬೀಳುತ್ತದೆ.

ನಮ್ಮದು ಪರೀಕ್ಷೆಯಲ್ಲಿ ಸೋಲುತ್ತಿತ್ತು. ಎಷ್ಟು ಬಲದಿಂದ ತಿರುಗಿಸಿದೆವು ಅಂತ ತೋರಿಸುವ ಟಾರ್ಕ್ ವ್ರೆಂಚ್ 10 ನ್ಯೂಟನ್ ಮೀಟರ್ ಬಿಗಿದಿದ್ದೇನೆ ಅನ್ನುತ್ತದೆ, ಸರಳು ಮಾತ್ರ ನಾವು ಇಟ್ಟುಕೊಂಡ ಮಿತಿಗಿಂತ ಮೊದಲೇ ಜಾರುತ್ತದೆ. ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಸೆಟ್ ಸ್ಕ್ರೂ ತಳಕ್ಕೆ ಚೂಪಾದ ಅಂಚು ಕೊಟ್ಟು ಅದು ಸರಳನ್ನು ಕಚ್ಚುವ ಹಾಗೆ ಮಾಡಿದೆ. ಜಾರುವುದು ನಿಂತಿತು. ಎರಡು ವಾರ ಖುಷಿಯಲ್ಲಿದ್ದೆ. ಆಮೇಲೆ ಲಕ್ಷಗಟ್ಟಲೆ ಸಲ ಒತ್ತಿ ಬಿಡುವ ಆಯಾಸ ಪರೀಕ್ಷೆಯಲ್ಲಿ ಸರಳೇ ಮುರಿಯಿತು, ಸರಿಯಾಗಿ ಆ ಕಚ್ಚಿದ ಗಾಯದ ಜಾಗದಲ್ಲಿ. ಟೈಟಾನಿಯಂ ಗಟ್ಟಿ, ಆದರೆ ಮೈಮೇಲೆ ಗೀರು ಬಿದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಇದು ಪುಸ್ತಕದಲ್ಲಿ ಓದಿದ್ದ ವಿಷಯವೇ. ಆದರೂ ಜಾರುವುದನ್ನು ನಿಲ್ಲಿಸುವ ಆತುರದಲ್ಲಿ ಮರೆತಿದ್ದೆ.

ಯಲ್ಲಾಪುರ ರಸ್ತೆಯಲ್ಲಿ ಒಂದು ಲೇತ್ ಅಂಗಡಿ ಇದೆ. ಅಡಿಕೆ ಸುಲಿಯುವ ಯಂತ್ರದ ಶಾಫ್ಟ್, ಪಂಪಿನ ಬುಷ್, ಇಂಥವನ್ನೆಲ್ಲ ಮಾಡಿಕೊಡುತ್ತಾರೆ. ಅಸಲಿ ಸ್ಕ್ರೂ ತಲೆ ಬೆರಳ ತುದಿಯಷ್ಟೇ, ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಮೂರು ಪಟ್ಟು ದೊಡ್ಡದಾಗಿ ಅಲ್ಯೂಮಿನಿಯಂನಲ್ಲಿ ಮಾಡಿಸೋಣ ಅಂತ ಹೋದೆ. 8 ಮಿ.ಮೀ. ಅಳತೆಯ ಎಂ8 ಥ್ರೆಡ್ 24 ಮಿ.ಮೀ.ಯ ಎಂ24 ಆಯಿತು. ಮೊದಲು ಇಡೀ ತೂತಿಗೆ ಥ್ರೆಡ್ ಹಾಕಿ, ಆಮೇಲೆ ಅಡ್ಡ ತೂತು ಕೊರೆದು, ಹ್ಯಾಕ್ಸಾದಿಂದ ಕಾಲುವೆ ತೆರೆದೆವು. ವೈಸಿಗೆ ಕಚ್ಚಿಸಿ, ಪಾನಾಕ್ಕೆ ಪೈಪ್ ಸಿಕ್ಕಿಸಿ ನಾನು ಬಿಗಿಯುತ್ತಾ ಹೋದೆ. ಲೇತ್ ಅಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ತಮ್ಮಾ, ಇದು ಬಿಗಿ ಆಗ್ತಾ ಇಲ್ಲ. ಬಾಯಿ ಬಿಡ್ತಾ ಇದೆ" ಅಂದರು.

ವರ್ನಿಯರ್ ಹಿಡಿದು ಅಳೆದೆ. ಎರಡು ಗೋಡೆಗಳ ತುದಿ ಅರ್ಧ ಮಿ.ಮೀ. ದೂರ ಸರಿದಿದ್ದವು! ಕಂಪ್ಯೂಟರ್ ಪರದೆಯ ಮೇಲೆ ಕೆಂಪು, ಹಳದಿ ಬಣ್ಣದಲ್ಲಿ ಇದನ್ನೇ ಎಷ್ಟೋ ಸಲ ನೋಡಿದ್ದೆ. ಆದರೆ ಅದು ಮನಸ್ಸಿಗೆ ನಾಟಿದ್ದು ಆ ದಿನ.

ಕಾರಣ ಥ್ರೆಡ್‌ನ ಆಕಾರದಲ್ಲಿದೆ. ಸಾಮಾನ್ಯ ಬೋಲ್ಟಿನ ಥ್ರೆಡ್ 60 ಡಿಗ್ರಿಯ ವಿ ಆಕಾರದ್ದು, ಒಂದೊಂದು ಇಳಿಜಾರು 30 ಡಿಗ್ರಿ. ಇಳಿಜಾರಿನ ಮೇಲೆ ಒತ್ತಿದರೆ ಬಲ ಪಕ್ಕಕ್ಕೂ ಹೋಗುತ್ತದೆ. ಲೆಕ್ಕ ಹಾಕಿದರೆ, ಸರಳನ್ನು 100 ಕೆ.ಜಿ. ಬಲದಿಂದ ಒತ್ತುವಾಗ ಸುಮಾರು 58 ಕೆ.ಜಿ. ಬಲ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ನಟ್ಟು ಪೂರ್ತಿ ಬಳೆಯಾಗಿರುವುದರಿಂದ ಅದನ್ನು ತಡೆದುಕೊಳ್ಳುತ್ತದೆ. ನಮ್ಮ ತಲೆಯಲ್ಲಿ ಸರಳು ಕೂರಲಿ ಅಂತ ಬಳೆಯನ್ನು ನಾವೇ ಎರಡು ಕಡೆ ಕಡಿದಿದ್ದೇವಲ್ಲ! ಗೋಡೆ ಬಾಗಿದಾಗ ಥ್ರೆಡ್‌ಗಳ ಹಿಡಿತ ಕಮ್ಮಿಯಾಗುತ್ತದೆ, ಉಜ್ಜಾಟ ಜಾಸ್ತಿಯಾಗುತ್ತದೆ. ವ್ರೆಂಚ್ ಆ ಉಜ್ಜಾಟವನ್ನೂ ಸೇರಿಸಿ ತೋರಿಸುತ್ತದೆ. ಅದು ತೋರಿಸುವ ಅಂಕಿಯಷ್ಟೂ ಸರಳನ್ನು ಮುಟ್ಟುವುದಿಲ್ಲ.

ಲೇತ್ ಅಣ್ಣ ತಮ್ಮ ವೈಸನ್ನೇ ತೋರಿಸಿದರು. ಅದರ ಸ್ಕ್ರೂ ಥ್ರೆಡ್ ಚೌಕ. ಚೌಕ ಥ್ರೆಡ್‌ಗೆ ಇಳಿಜಾರೇ ಇಲ್ಲ, ಹಾಗಾಗಿ ಪಕ್ಕಕ್ಕೆ ತಳ್ಳುವುದೂ ಇಲ್ಲ. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಭಾರ ಹೊರುವ ಮೈಯನ್ನು ಐದು ಡಿಗ್ರಿ ಉಲ್ಟಾ ಓರೆ ಮಾಡಿದೆವು. ಆಗ ಥ್ರೆಡ್ ಕೊಕ್ಕೆಯ ಹಾಗೆ ಕೆಲಸ ಮಾಡುತ್ತದೆ. ದೋಟಿಯ ಕೊಕ್ಕೆ ಅಡಿಕೆ ಕೊನೆಯನ್ನು ತನ್ನತ್ತ ಎಳೆದುಕೊಳ್ಳುತ್ತದಲ್ಲ, ಹಾಗೆ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಆ ಓರೆಗೆ ತಕ್ಕ ಟೂಲನ್ನು ಲೇತ್ ಅಣ್ಣ ಕೈಯಲ್ಲೇ ಗ್ರೈಂಡ್ ಮಾಡಿದರು. ಮೂರು ಸಲ ಕೆಟ್ಟಿತು, ನಾಲ್ಕನೆಯದು ಕೂತಿತು. ಅಷ್ಟೇ ಬಲ ಹಾಕಿ ಬಿಗಿದರೂ ವರ್ನಿಯರ್‌ನಲ್ಲಿ ಗೋಡೆ ಹೊರಗೆ ಹೋದದ್ದು ಕಾಣಲಿಲ್ಲ.

ಈ ಉಪಾಯ ನನ್ನದೇ ಹೊಸ ಶೋಧ ಅಂತ ಹೇಳಿಕೊಳ್ಳುವುದಿಲ್ಲ. ಚೌಕ ಥ್ರೆಡ್, ಉಲ್ಟಾ ಓರೆಯ ಥ್ರೆಡ್ ಬಳಸುವ ಸ್ಕ್ರೂಗಳು ಮೊದಲೇ ಇವೆ, ಪೇಟೆಂಟ್‌ಗಳೂ ಇವೆ. ಅವನ್ನೆಲ್ಲ ಓದಿ ನಮ್ಮ ದಾರಿ ಹುಡುಕಿಕೊಳ್ಳಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಆ ಭಾಗ ಬೇಸರದ್ದು, ಬಿಡುತ್ತೇನೆ.

ಹೊಸ ಥ್ರೆಡ್ ಹೊಸ ತೊಂದರೆಯನ್ನೂ ತಂದಿತು. ಥ್ರೆಡ್ ಶುರುವಾಗುವ ಜಾಗ ಎಲೆಯ ಅಂಚಿನ ಹಾಗೆ ತೆಳ್ಳಗಿತ್ತು. ಸೆಟ್ ಸ್ಕ್ರೂ ಸ್ವಲ್ಪ ಓರೆಯಾಗಿ ಇಳಿದರೂ ಆ ಅಂಚು ಮಡಚಿ ಥ್ರೆಡ್ ಒಂದರ ಮೇಲೊಂದು ಹತ್ತಿ ಸಿಕ್ಕಿಕೊಳ್ಳುತ್ತಿತ್ತು. ಆಪರೇಷನ್ ನಡುವೆ, ರಕ್ತದ ನಡುವೆ, ಹಾಗಾದರೆ ಸರ್ಜನ್ ಏನು ಮಾಡಬೇಕು? ಆ ತೆಳು ಭಾಗವನ್ನು ಪೂರ್ತಿ ಕಡಿದು ಮೊಂಡು ಮಾಡಿದೆವು. ಜೊತೆಗೆ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ಮುಚ್ಚಳ ಹಾಕುವಾಗ ಮಾಡುವುದನ್ನೇ ಬಳಕೆಯ ಸೂಚನೆಯಲ್ಲಿ ಬರೆದೆವು. ಮೊದಲು ಉಲ್ಟಾ ತಿರುಗಿಸಿ, ಟಕ್ ಅಂತ ಕೂತ ಮೇಲೆ ಮುಂದಕ್ಕೆ ತಿರುಗಿಸಿ. ಅನುಭವಿ ಸರ್ಜನ್‌ಗಳ ಕೈಗೆ ಇದು ಮೊದಲೇ ರೂಢಿ. ಹೊಸಬರಿಗೆ ಬರೆದುಕೊಟ್ಟರೆ ಒಳ್ಳೆಯದು.

ಕೊನೆಗೆ ಎಎಸ್‌ಟಿಎಂ ಎಫ್1717, ಅಂದರೆ ಬೆನ್ನುಮೂಳೆಯ ಸ್ಕ್ರೂ, ಸರಳುಗಳಿಗೆ ಮಾಡುವ ಅಂತರರಾಷ್ಟ್ರೀಯ ಗುಣಮಟ್ಟದ ಪರೀಕ್ಷೆ. ಮೂಳೆಯ ಬದಲು ಪಾಲಿಎಥಿಲೀನ್ ದಿಮ್ಮಿಗಳಿಗೆ ಸ್ಕ್ರೂ ಹಾಕಿ, ಸರಳು ಕೂರಿಸಿ, 50 ಲಕ್ಷ ಸಲ ಒತ್ತಿ ಬಿಡುತ್ತಾರೆ. ಸೆಕೆಂಡಿಗೆ ಐದು ಸಲದಂತೆ ಹಗಲು ರಾತ್ರಿ ಓಡಿದರೂ ಹನ್ನೊಂದು ದಿನ ದಾಟುತ್ತದೆ. ನಾನು ದಿನಾ ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಬೆಂಗಳೂರಿಗೆ ಫೋನ್ ಮಾಡಿ ಎಣಿಕೆ ಕೇಳುತ್ತಿದ್ದೆ. ಹನ್ನೆರಡನೆಯ ದಿನ ಮಶಿನ್ ತಾನಾಗಿಯೇ ನಿಂತಿತು, 50 ಲಕ್ಷ ಪೂರ್ತಿಯಾಗಿತ್ತು. ಬಿಚ್ಚಿ ನೋಡಿದಾಗ ಸರಳಿನ ಮೇಲೆ ಇದ್ದದ್ದು ಹೊಳೆಯುವ ಒಂದು ಉಂಗುರದ ಗುರುತು ಮಾತ್ರ. ಉಗುರು ಆಡಿಸಿದರೂ ಗೀರು ಸಿಗಲಿಲ್ಲ.

ಅಲ್ಯೂಮಿನಿಯಂ ಮಾದರಿಗಳೆರಡೂ ಈಗ ನಮ್ಮ ಜಗಲಿಯ ಮೇಲಿವೆ. ಕೊನೆ ಕೊಯ್ಯುತ್ತಿದ್ದ ಅವರು ಕಳೆದ ಸಲ ಬಂದಾಗ ಎರಡನ್ನೂ ಒಂದೊಂದಾಗಿ ಬಿಗಿದು ನೋಡಿದರು. ಹಳೆಯದು ಬಾಯಿ ಬಿಡುವುದನ್ನು ಬೆರಳಿಟ್ಟು ಮುಟ್ಟಿದರು. ಹೊಸದನ್ನು ಕೈಯಲ್ಲಿ ಹಿಡಿದು, "ನನ್ನ ಬೆನ್ನಲ್ಲಿ ಇರೂದು ಎಂಥದು, ಗೊತ್ತಾಗ್ತದಾ?" ಅಂತ ಕೇಳಿದರು. ಅವರ ಎಕ್ಸ್‌ರೇ ತರಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಇಬ್ಬರೂ ಕೂತು ನೋಡಿದೆವು. ಥ್ರೆಡ್ ಆಕಾರ ಅದರಲ್ಲಿ ಕಾಣಲಿಲ್ಲ. ಎರಡು ಸರಳು, ನಾಲ್ಕು ಸ್ಕ್ರೂ ಇದ್ದ ಜಾಗದಲ್ಲೇ ನೆಟ್ಟಗೆ ಇದ್ದವು. ಅದನ್ನು ಅವರಿಗೆ ಬೆರಳಿಟ್ಟು ತೋರಿಸಿದೆ.