ಸೈಕೋಪಿಜಿ2 ಹಾಕುವಾಗ ‘ಪಿಜಿ_ಕಾನ್ಫಿಗ್ ಸಿಗಲಿಲ್ಲ’ ಅಂದರೆ

ಉಬುಂಟುವಿನಲ್ಲಿ ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಹೀಗೆ ಮುನಿಸಿಕೊಂಡರೆ ಪೈಥಾನ್ ಕೆಟ್ಟಿಲ್ಲ. ಸೈಕೋಪಿಜಿ2 ಅಂದರೆ ಪೈಥಾನನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಜೋಡಿಸುವ ಡ್ರೈವರ್. ಅದು ನಿಮ್ಮ ಯಂತ್ರದಲ್ಲೇ ಕಂಪೈಲ್ ಆಗಬೇಕು, ಅದಕ್ಕೆ ಬೇಕಾದ ಹೆಡರ್ ಫೈಲ್‌ಗಳಿಲ್ಲ, ಅಷ್ಟೆ. ಆ್ಯಪ್ಟ್‌ನಿಂದ ಲಿಬ್‌ಪಿಕ್ಯೂ-ಡೆವ್, ಪೈಥಾನ್3-ಡೆವ್, ಜಿಸಿಸಿ ಮೂರನ್ನೂ ಹಾಕಿ ಮತ್ತೆ ಪಿಪ್ ಓಡಿಸಿ. ಕಲಿಯಲು ಮೊದಲೇ ಕಂಪೈಲ್ ಆಗಿ ಬರುವ ಸೈಕೋಪಿಜಿ2-ಬೈನರಿ ಸಾಕು, ಸರ್ವರ್‌ಗೆ ಬೇಡ.

ಇಂಪೋರ್ಟ್ ಆಯಿತೆಂದು ನಂಬಿ ಕೂರಬೇಡಿ. ಕನೆಕ್ಟ್ ಮಾಡಿ ‘ಸೆಲೆಕ್ಟ್ 1’ ಓಡಿಸಿ, ಫೆಚ್‌ಒನ್ ಕರೆದರೆ (1,) ಬರಬೇಕು. ಆ ಅಲ್ಪವಿರಾಮ ತಪ್ಪಲ್ಲ, ಅದು ಒಂದೇ ಮೌಲ್ಯವಿರುವ ಟ್ಯೂಪಲ್ (ಪೈಥಾನ್‌ನಲ್ಲಿ ಮೌಲ್ಯಗಳ ಗುಂಪು).

‘ಪೀರ್ ಅಥೆಂಟಿಕೇಷನ್ ಫೇಲ್ಡ್’ ಬಂದರೆ ಪಾಸ್‌ವರ್ಡ್ ತಿದ್ದಿ ಪ್ರಯೋಜನವಿಲ್ಲ. ಹೋಸ್ಟ್ ಕೊಡದಿದ್ದರೆ ಸಂಪರ್ಕ ಯೂನಿಕ್ಸ್ ಸಾಕೆಟ್ (ಅದೇ ಯಂತ್ರದೊಳಗಿನ ಸಂಪರ್ಕದ ದಾರಿ) ಮೂಲಕ ಹೋಗುತ್ತದೆ, ಅಲ್ಲಿ ನೋಡುವುದು ನಿಮ್ಮ ಲಿನಕ್ಸ್ ಬಳಕೆದಾರ ಹೆಸರನ್ನು. ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆಯಿರಿ. ಇನ್ಸರ್ಟ್ ಮಾಡಿದ ಸಾಲು ಆಮೇಲೆ ಮಾಯವಾಗಿದ್ದರೆ, ಬದಲಾವಣೆಯನ್ನು ಖಾಯಂ ಮಾಡುವ ಕಮಿಟ್ ಮರೆತಿದ್ದೀರಿ.