ಅಚ್ಚರಿಯ ತಂಡ ಸೆಪ್ಟೆಂಬರ್ ದಾಟೀತೆ? ನಾನು ಲೆಕ್ಕ ಹಾಕುವ ಬಗೆ

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಪ್ರತಿ ತಂಡ 162 ಪಂದ್ಯ ಆಡಿ ಮುಗಿಸುವ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ, ಜುಲೈ ಮುಗಿಯುವಾಗ ಯಾರೂ ಲೆಕ್ಕಕ್ಕಿಡದ ತಂಡವೊಂದು ಪ್ಲೇಆಫ್ ಸಾಲಿನಲ್ಲಿ ಬಂದು ಕೂತಿರುತ್ತದೆ. ಕೂಡಲೇ ಅಭಿಮಾನಿಗಳಲ್ಲಿ ಎರಡು ಪಂಗಡ. ‘ಇದೆಲ್ಲ ಅದೃಷ್ಟ, ಇಳಿದೇ ಇಳಿಯುತ್ತೆ’ ಅನ್ನುವವರು ಒಂದು ಕಡೆ, ‘ಇವರಿಗೆ ಗೆಲ್ಲೋದು ಗೊತ್ತು’ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಆಡಿ ಮುಗಿಸಿದ ಪಂದ್ಯಗಳನ್ನೂ ಇನ್ನು ಆಡಬೇಕಾದ ಪಂದ್ಯಗಳನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ನನ್ನ ಲೆಕ್ಕ ಅವೆರಡನ್ನು ಬೇರೆ ಮಾಡುವಲ್ಲಿಂದ ಶುರು.

ಮೊದಲು ತೆಗೆದುಕೊಳ್ಳುವುದು ನಾಲ್ಕು ಅಂಕಿ: ಗೆಲುವು-ಸೋಲು, ಗಳಿಸಿದ ರನ್, ಬಿಟ್ಟುಕೊಟ್ಟ ರನ್, ಒಂದು ರನ್ ಅಂತರದ ಪಂದ್ಯಗಳ ಫಲಿತಾಂಶ. ಇವಿಷ್ಟೂ ಅಂಕಪಟ್ಟಿಯ ಪುಟದಲ್ಲೇ ಸಿಗುತ್ತವೆ. ಬೆಂಗಳೂರಿನಲ್ಲಿ ಕೂತವರಿಗೆ ಪೂರ್ವ ಕರಾವಳಿಯ ಸಂಜೆ 7:05ರ ಪಂದ್ಯ ಬೇಸಿಗೆಯಲ್ಲಿ ಬೆಳಗಿನ ಜಾವ 4:35ಕ್ಕೆ ಶುರುವಾಗುತ್ತದೆ. ದಿನಾ ಎದ್ದು ನೋಡಲಾಗದವರಿಗೆ ಈ ನಾಲ್ಕು ಅಂಕಿ ಅರ್ಧ ಕೆಲಸ ಮಾಡಿಕೊಡುತ್ತವೆ.

ಬೇಸ್‌ಬಾಲ್ ಅಂಕಿಅಂಶಗಳ ಪಂಡಿತ ಬಿಲ್ ಜೇಮ್ಸ್ ಕೊಟ್ಟ ಸೂತ್ರ ಸರಳ. ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ್ದರ ವರ್ಗ ಮತ್ತು ಬಿಟ್ಟುಕೊಟ್ಟಿದ್ದರ ವರ್ಗ ಎರಡರ ಮೊತ್ತದಿಂದ ಭಾಗಿಸಿದರೆ ತಂಡಕ್ಕೆ ನ್ಯಾಯವಾಗಿ ಸಿಗಬೇಕಾದ ಗೆಲುವಿನ ಪ್ರಮಾಣ ಬರುತ್ತದೆ. ವರ್ಗದ ಬದಲು 1.83 ಘಾತ ಹಾಕಿದರೆ ಇನ್ನಷ್ಟು ನಿಖರ. ಕ್ಯಾಲ್ಕುಲೇಟರ್ ಕೈಯಲ್ಲಿಲ್ಲದಾಗ ನಾನು ಬಳಸುವುದು ಅಡ್ಡದಾರಿ: ರನ್ ಅಂತರವನ್ನು 10ರಿಂದ ಭಾಗಿಸಿ, ಆಡಿದ ಪಂದ್ಯಗಳ ಅರ್ಧಕ್ಕೆ ಕೂಡಿಸುವುದು. ಹತ್ತು ರನ್ ಸುಮಾರಾಗಿ ಒಂದು ಗೆಲುವಿಗೆ ಸಮ.

ಕ್ರಿಕೆಟ್‌ನಿಂದ ಬಂದವರು ಇದನ್ನು ನೆಟ್ ರನ್‌ರೇಟ್ ಅಂದುಕೊಳ್ಳುತ್ತಾರೆ. ಹಾಗಲ್ಲ. 2024ರ ಐಪಿಎಲ್‌ನಲ್ಲಿ ಆರ್‌ಸಿಬಿಗೂ ಸಿಎಸ್‌ಕೆಗೂ 14 ಅಂಕ ಇದ್ದಾಗ ರನ್‌ರೇಟೇ ಆರ್‌ಸಿಬಿಯನ್ನು ದಾಟಿಸಿತು. ಬೇಸ್‌ಬಾಲ್‌ನಲ್ಲಿ ರನ್ ಅಂತರ ಅಂಕಪಟ್ಟಿಯಲ್ಲಿ ಯಾರನ್ನೂ ಮೇಲೆ ಹತ್ತಿಸುವುದಿಲ್ಲ. ತಂಡದ ನಿಜವಾದ ಕಸುವು ಎಷ್ಟೆಂದು ನಮಗೆ ತೋರಿಸುತ್ತದೆ, ಅಷ್ಟೆ.

2012ರ ಬಾಲ್ಟಿಮೋರ್ ಓರಿಯೋಲ್ಸ್ ತೆಗೆದುಕೊಳ್ಳಿ. ಹಿಂದಿನ ವರ್ಷ 69-93. ಆ ವರ್ಷ 93-69, ಅಂಕಿ ತಲೆಕೆಳಗು. ಗಳಿಸಿದ್ದು 712 ರನ್, ಬಿಟ್ಟುಕೊಟ್ಟಿದ್ದು 705. ಅಂತರ 7. ಅಡ್ಡದಾರಿಯಲ್ಲಿ 162ರ ಅರ್ಧ 81 ಕೂಡಿಸು 0.7, ಅಂದರೆ 82 ಗೆಲುವು. ಪೂರ್ತಿ ಸೂತ್ರ ಹಾಕಿದರೂ 82. ಹೆಚ್ಚುವರಿ 11 ಗೆಲುವು ಎಲ್ಲಿಂದ ಬಂತು? ಒಂದು ರನ್ ಅಂತರದ ಪಂದ್ಯಗಳಲ್ಲಿ 29-9, ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋದವುಗಳಲ್ಲಿ 16-2. ಒಂದು ರನ್ ಪಂದ್ಯಗಳನ್ನು ಪಕ್ಕಕ್ಕಿಟ್ಟರೆ ಉಳಿಯುವುದು 64-60, ಸಾಧಾರಣಕ್ಕಿಂತ ಕೂದಲೆಳೆಯಷ್ಟು ಮೇಲಿನ ತಂಡ.

ಒಂದು ರನ್ ಅಂತರದ ಗೆಲುವು ಪೂರ್ತಿ ನಾಣ್ಯ ಚಿಮ್ಮಿದ ಹಾಗಲ್ಲ. ಒಳ್ಳೆಯ ಬುಲ್‌ಪೆನ್ (ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್‌ಗಳ, ಅಂದರೆ ಎಸೆತಗಾರರ, ಪಡೆ) ಇದ್ದವರಿಗೆ ಒಂದಷ್ಟು ಮೇಲುಗೈ ಇದೆ. ಆದರೆ ಆ ಮೇಲುಗೈ ವರ್ಷಕ್ಕೆ ಎರಡು-ಮೂರು ಗೆಲುವಿನಷ್ಟು, ಹನ್ನೊಂದರಷ್ಟಲ್ಲ. ಓರಿಯೋಲ್ಸ್‌ಗೆ ಕೊನೆಯ ಇನ್ನಿಂಗ್ಸ್ ಎಸೆಯುವ ಕ್ಲೋಸರ್ ಜಿಮ್ ಜಾನ್ಸನ್ 2012ರಲ್ಲಿ 51 ಸೇವ್ ಮಾಡಿ (ಸಣ್ಣ ಮುನ್ನಡೆಯನ್ನು ಕೊನೆವರೆಗೂ ಕಾಪಾಡಿ) ಮೂರನ್ನು ಕೈಬಿಟ್ಟ. ಮರುವರ್ಷ 50 ಸೇವ್, ಆದರೆ ಕೈಬಿಟ್ಟಿದ್ದು ಒಂಬತ್ತು. 2013ರಲ್ಲಿ ತಂಡದ ರನ್ ಅಂತರ ಏರಿ 36 ಆಯಿತು, ಒಂದು ರನ್ ಪಂದ್ಯಗಳಲ್ಲಿ ಮಾತ್ರ 20-31, ಒಟ್ಟು ಗೆಲುವು 85ಕ್ಕೆ ಇಳಿಯಿತು. ತಂಡ ಸುಧಾರಿಸಿತು, ಫಲಿತಾಂಶ ಕುಸಿಯಿತು. 2016ರ ಟೆಕ್ಸಸ್ ರೇಂಜರ್ಸ್‌ದೂ ಇದೇ ಕಥೆ: 95-67, ರನ್ ಅಂತರ ಬರೀ 8, ಒಂದು ರನ್ ಪಂದ್ಯಗಳಲ್ಲಿ 36-11. ಮರುವರ್ಷ 78-84.

ಇಷ್ಟು ಹೇಳಿದರೆ ‘ಇಳಿದೇ ಇಳಿಯುತ್ತೆ’ ಪಂಗಡಕ್ಕೆ ಖುಷಿ. ಆದರೆ ಇಳಿದದ್ದು ಮರುವರ್ಷ ಅನ್ನುವುದನ್ನು ಗಮನಿಸಬೇಕು. ಓರಿಯೋಲ್ಸ್ 2012ರಲ್ಲಿ ಪ್ಲೇಆಫ್ ಸೇರಿತು, ರೇಂಜರ್ಸ್ 2016ರಲ್ಲಿ ತನ್ನ ವಿಭಾಗವನ್ನೇ ಗೆದ್ದಿತು. ಗಂಟಿಗೆ ಬಿದ್ದ ಗೆಲುವನ್ನು ಯಾರೂ ವಾಪಸ್ ಕಿತ್ತುಕೊಳ್ಳುವುದಿಲ್ಲ.

ಅದನ್ನು ಅಂಕಿಯಲ್ಲಿ ನೋಡೋಣ. ಊಹೆಯ ತಂಡವೊಂದು ಆಗಸ್ಟ್ ಆರಂಭದಲ್ಲಿ 62-46, ರನ್ ಅಂತರ 5. ಉಳಿದದ್ದು 54 ಪಂದ್ಯ. ಇದೇ ವೇಗ ನಂಬುವವರ ಪ್ರಕಾರ ಇನ್ನೂ 31 ಗೆಲುವು, ಒಟ್ಟು 93. ರನ್ ಲೆಕ್ಕದ ಪ್ರಕಾರ ತಂಡದ ಕಸುವು ಅರ್ಧಕ್ಕರ್ಧ, ಹಾಗಾಗಿ 27 ಗೆಲುವು, ಒಟ್ಟು 89. ‘ಅದೃಷ್ಟ ಬಡ್ಡಿ ಸಮೇತ ವಸೂಲಾಗುತ್ತೆ’ ಅನ್ನುವವರು 23 ಕೊಡುತ್ತಾರೆ, ಒಟ್ಟು 85. ಗಂಟೆಗಟ್ಟಲೆ ನಡೆಯುವ ಜಗಳವೆಲ್ಲ ಈ ನಾಲ್ಕು ನಾಲ್ಕು ಗೆಲುವಿನ ಮೇಲೆ. ನಾನು ನಡುವಿನದನ್ನೇ ಹಿಡಿಯುತ್ತೇನೆ. ಹತ್ತು ಸಲ ಮೇಲ್ಮುಖವಾಗಿ ಬಿದ್ದ ನಾಣ್ಯ ಹನ್ನೊಂದನೆಯ ಸಲ ಸಾಲ ತೀರಿಸುವುದಿಲ್ಲ.

ಇನ್ನು ಆ 89 ಸಾಕೇ? ಮೇಜರ್ ಲೀಗ್‌ನೊಳಗಿನ ಎರಡು ಲೀಗ್‌ಗಳಲ್ಲಿ ಪ್ರತಿಯೊಂದಕ್ಕೂ 2022ರಿಂದ ಮೂರು ವೈಲ್ಡ್ ಕಾರ್ಡ್, ಅಂದರೆ ವಿಭಾಗ ಗೆಲ್ಲದವರಿಗೆ ಸಿಗುವ ಪ್ಲೇಆಫ್ ಸ್ಥಾನ. 2022ರಿಂದ 2025ರವರೆಗೆ ಕೊನೆಯ ವೈಲ್ಡ್ ಕಾರ್ಡ್ ಹಿಡಿದ ತಂಡಗಳ ಗೆಲುವು 83ರಿಂದ 89ರ ನಡುವೆ ಇದೆ. 54 ಪಂದ್ಯಗಳಲ್ಲಿ ಬರೀ ಅದೃಷ್ಟದ ಏರಿಳಿತ ಎಷ್ಟೆಂದು ತಿಳಿಯಲು 54ರ ನಾಲ್ಕನೆಯ ಒಂದು ಭಾಗದ ವರ್ಗಮೂಲ ತೆಗೆಯಿರಿ: 3.7 ಗೆಲುವು. 89ಕ್ಕೆ ಆಚೀಚೆ 3.7 ಅಂದರೆ, 83 ಮತ್ತು 89ರ ನಡುಮಧ್ಯದ 86 ದಾಟುವ ಸಂಭವ ಐದರಲ್ಲಿ ನಾಲ್ಕು. ಕಸುವಿನ ಅಂದಾಜೇ ತಪ್ಪಿರಬಹುದು ಅನ್ನುವುದನ್ನೂ ಸೇರಿಸಿ ನಾನು ಅದನ್ನು ಮುಕ್ಕಾಲಿಗೆ ಇಳಿಸುತ್ತೇನೆ. ‘ಬರೀ ಅದೃಷ್ಟದ ತಂಡ’ಕ್ಕೂ ನಾಲ್ಕರಲ್ಲಿ ಮೂರು ಪಾಲು ಅವಕಾಶ! ಇದೇ ಜನಕ್ಕೆ ಅರಗುವುದಿಲ್ಲ.

ಉಳಿದ ಒಂದು ಪಾಲು ಹೇಗಿರುತ್ತದೆ ಎಂದು ನೋಡಬೇಕಾದರೆ 2005ರ ವಾಷಿಂಗ್ಟನ್ ನ್ಯಾಷನಲ್ಸ್. ಮಾಂಟ್ರಿಯಲ್‌ನಿಂದ ಬಂದ ತಂಡಕ್ಕೆ ರಾಜಧಾನಿಯಲ್ಲಿ ಮೊದಲ ವರ್ಷ. ಅರ್ಧ ಋತುವಿಗೆ 50-31, ವಿಭಾಗದಲ್ಲಿ ಮೊದಲ ಸ್ಥಾನ. ಕೊನೆಗೆ 81-81, ಕೊನೆಯ ಸ್ಥಾನ. ಸಾಧಾರಣ ತಂಡ 81 ಪಂದ್ಯಗಳಲ್ಲಿ 40 ಚಿಲ್ಲರೆ ಗೆಲ್ಲಬೇಕು, ಏರಿಳಿತ 4.5, ಇವರು ಗೆದ್ದದ್ದು 31. ಏರಿಳಿತದ ಎರಡು ಪಟ್ಟು ಕೆಳಗೆ. ಇಂಥದ್ದು ಅಪರೂಪ, ಆದರೆ ಮೂವತ್ತು ತಂಡಗಳ ಲೀಗ್‌ನಲ್ಲಿ ಅಪರೂಪವೂ ಆಗಾಗ ಎದುರಾಗುತ್ತದೆ.

ಸೂತ್ರ ದಾರಿ ತಪ್ಪುವುದು ಹೆಚ್ಚಾಗಿ ಒಂದು ಕಾರಣಕ್ಕೆ: ರನ್ ಅಂತರ ಏಪ್ರಿಲ್‌ನಲ್ಲಿ ಆಡಿದವರದ್ದು, ಪಂದ್ಯ ಆಡಬೇಕಾದವರು ಸೆಪ್ಟೆಂಬರ್‌ನವರು. ಮತ್ತೆ ಓರಿಯೋಲ್ಸ್‌ಗೇ ಬರುತ್ತೇನೆ. ಆಗಸ್ಟ್ ಆರಂಭದಲ್ಲಿ ಅವರು ಗಳಿಸಿದ್ದಕ್ಕಿಂತ ಬಿಟ್ಟುಕೊಟ್ಟ ರನ್ನೇ ಜಾಸ್ತಿ. ಕೊನೆಗೆ ಅದು 7ರ ಲಾಭವಾಯಿತು ಅಂದರೆ ಕೊನೆಯ ಎರಡು ತಿಂಗಳು ನಿಜಕ್ಕೂ ಒಳ್ಳೆಯ ತಂಡವೇ ಆಡಿದೆ. ಏನು ಬದಲಾಗಿತ್ತು? ಜುಲೈ ಆರಂಭದಲ್ಲಿ, ಆರಕ್ಕೂ ಮೇಲಿನ ಇಆರ್‌ಎ (ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಡುವ ರನ್) ಇದ್ದ ಜೇಕ್ ಅರಿಯೆಟಾನನ್ನು ಕೆಳದರ್ಜೆಯ ಲೀಗ್‌ಗೆ ಕಳಿಸಿದರು. (ಅದೇ ಅರಿಯೆಟಾ 2015ರಲ್ಲಿ ಶಿಕಾಗೋ ಕಬ್ಸ್ ಪರ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ, ಇಂಥದ್ದನ್ನು ಯಾವ ಲೆಕ್ಕವೂ ಹೇಳುವುದಿಲ್ಲ.) ಕ್ರಿಸ್ ಟಿಲ್‌ಮನ್ ಬಂದು 15 ಪಂದ್ಯಗಳಲ್ಲಿ ಇಆರ್‌ಎ 2.93, ಮಿಗೆಲ್ ಗೊನ್ಸಾಲೆಸ್ 3.25. ಆಗಸ್ಟ್ 9ಕ್ಕೆ 20 ವರ್ಷದ ಮ್ಯಾನಿ ಮಚಾದೋ ಮೂರನೇ ಬೇಸ್‌ಗೆ ಬಂದ ಮೇಲೆ, ಸೋರುತ್ತಿದ್ದ ಆ ಮೂಲೆ ಮುಚ್ಚಿತು.

ಹಾಗಾಗಿ ನಾನು ಒಂದು ಹಾಳೆಯಲ್ಲಿ ಎರಡು ಸಾಲು ಬರೆಯುತ್ತೇನೆ: ಈವರೆಗಿನ ಇನ್ನಿಂಗ್ಸ್‌ಗಳನ್ನು ಯಾರು ಎಸೆದರು, ಉಳಿದವನ್ನು ಯಾರು ಎಸೆಯುತ್ತಾರೆ. ಎರಡೂ ಒಂದೇ ಹೆಸರುಗಳಾದರೆ ರನ್ ಅಂತರವನ್ನು ನಂಬುತ್ತೇನೆ. ಸರದಿಯಂತೆ ಪಂದ್ಯ ಆರಂಭಿಸುವ ಐದು ಸ್ಟಾರ್ಟರ್‌ಗಳಲ್ಲಿ ಇಬ್ಬರು ಬೇರೆಯಾದರೆ ಹಳೆಯ ಅಂತರಕ್ಕೆ ಅರ್ಧ ಬೆಲೆ. ಕಳೆದ 30 ಪಂದ್ಯಗಳ ಅಂತರವನ್ನಷ್ಟೇ ಹಿಡಿಯುವ ಆಸೆ ಬರುತ್ತದೆ, ಹಿಡಿಯಬೇಡಿ. ಒಂದೇ ಒಂದು 18-2 ಪಂದ್ಯ ಆ ಲೆಕ್ಕವನ್ನು ಕೆಡಿಸಿಬಿಡುತ್ತದೆ. ದೊಡ್ಡ ಅಂತರದ ಪಂದ್ಯಗಳನ್ನು 7 ರನ್‌ಗೆ ಕತ್ತರಿಸಿ ಇನ್ನೊಮ್ಮೆ ಕೂಡಿಸಿ ನೋಡುವುದು ವಾಸಿ.

ಪಿಚರ್‌ಗಳ ಇಆರ್‌ಎ ಕೂಡ ಮೋಸ ಮಾಡುತ್ತದೆ. ಅದಕ್ಕೆ ಎಫ್‌ಐಪಿ, ಫೀಲ್ಡರ್‌ಗಳ ಪಾಲು ಬಿಟ್ಟು ಪಿಚರ್‌ನ ಕೈಯಲ್ಲಿರುವುದನ್ನಷ್ಟೇ ಅಳೆಯುವ ಅಂಕಿ. ಹೋಮ್ ರನ್ 13ರಿಂದ, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಉಚಿತ ಬೇಸ್) ಮತ್ತು ಮೈಗೆ ತಾಗಿದ ಎಸೆತಗಳನ್ನು 3ರಿಂದ ಗುಣಿಸಿ ಕೂಡಿಸಿ, ಸ್ಟ್ರೈಕ್‌ಔಟ್‌ನ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು) ಎರಡರಷ್ಟು ಕಳೆದು, ಇನ್ನಿಂಗ್ಸ್‌ನಿಂದ ಭಾಗಿಸಿ 3.1 ಸೇರಿಸುವುದು. 120 ಇನ್ನಿಂಗ್ಸ್, 10 ಹೋಮ್ ರನ್, 45 ವಾಕ್, 90 ಸ್ಟ್ರೈಕ್‌ಔಟ್ ಇರುವ ಪಿಚರ್ ಅಂದುಕೊಳ್ಳಿ: 130 ಕೂಡಿಸು 135 ಕಳೆ 180, ಉಳಿದದ್ದು 85. ಎಫ್‌ಐಪಿ 3.81. ಅವನ ಇಆರ್‌ಎ 2.70 ಇದ್ದರೆ ಈವರೆಗೆ ಸುಮಾರು 15 ರನ್, ಅಂದರೆ ಒಂದೂವರೆ ಗೆಲುವು, ಅವನ ಕೈಯಿಂದ ಬಂದದ್ದಲ್ಲ. ಫೀಲ್ಡರ್‌ಗಳಿಂದ ಬಂದಿರಬಹುದು, ಹಾಗಿದ್ದರೆ ಅದು ಮುಂದೂ ಉಳಿಯುತ್ತದೆ. ಚೆಂಡು ಆಟಕ್ಕೆ ಬಿದ್ದಾಗ ಹಿಟ್ ಆಗುವ ಪ್ರಮಾಣ ಲೀಗ್‌ನಲ್ಲಿ ಸುಮಾರು .300, ಅಂದರೆ ನೂರಕ್ಕೆ ಮೂವತ್ತು. ತಂಡದ ಎಲ್ಲ ಪಿಚರ್‌ಗಳಿಗೂ .280ರ ಆಸುಪಾಸಿದ್ದರೆ ಫೀಲ್ಡಿಂಗ್‌ನ ಗುಣ, ಒಬ್ಬನಿಗೆ ಮಾತ್ರ .240 ಇದ್ದರೆ ಅವನ ಗ್ರಹಚಾರ ಚೆನ್ನಾಗಿದೆ.

ಬುಲ್‌ಪೆನ್ ವಿಷಯದಲ್ಲಿ ಇಆರ್‌ಎ ನೋಡುವುದೇ ಬೇಡ, ಎಸೆತಗಳ ದಿನಚರಿ ನೋಡಿ. ಮಂಗಳವಾರ 17, ಬುಧವಾರ 22, ಶುಕ್ರವಾರ 19, ಶನಿವಾರ 26: ಐದು ದಿನದಲ್ಲಿ 84 ಎಸೆತ. ಇಂಥ ವಾರ ಆಗಸ್ಟ್‌ನಲ್ಲಿ ಎರಡು ಸಲ ಬಂದರೆ, ಫಾಸ್ಟ್‌ಬಾಲ್‌ನ ವೇಗ ತಿಂಗಳ ಹಿಂದಿಗಿಂತ ಗಂಟೆಗೆ ಒಂದು ಮೈಲಿ ಕುಸಿದಿದ್ದರೆ, ಆ ತಂಡದ ಒಂದು ರನ್ ಪಂದ್ಯಗಳು ಇನ್ನು ಮೊದಲಿನಂತಿರುವುದಿಲ್ಲ. ಅಚ್ಚರಿಯ ತಂಡಗಳು ಬಹಳ ಸಲ ಸೋಲುವುದು ಇಲ್ಲೇ. ಪಂದ್ಯಗಳೆಲ್ಲ ಬಿಗಿಯಾದವು, ಬಿಗಿಯಾದ್ದರಿಂದ ದಿನಾ ಅದೇ ಮೂವರು ಮೇಲೆ ಬರಬೇಕು. ಸೆಪ್ಟೆಂಬರ್ 1ಕ್ಕೆ ತಂಡದ ಬಲ 26ರಿಂದ 28ಕ್ಕೆ ಏರುತ್ತದೆ, ಪಿಚರ್‌ಗಳ ಮಿತಿ 13ರಿಂದ 14ಕ್ಕೆ. ಸಿಗುವುದು ಒಂದೇ ಒಂದು ಹೆಚ್ಚಿನ ತೋಳು. 2019ರಿಂದ ಗಡುವಿನ ನಂತರ ಆಗಸ್ಟ್‌ನಲ್ಲೂ ಆಟಗಾರರನ್ನು ತರಲು ಬಿಡುತ್ತಿದ್ದ ಹಳೆಯ ವೇವರ್ ವ್ಯಾಪಾರವೂ ನಿಂತುಹೋಗಿದೆ. ಆಟಗಾರರ ವ್ಯಾಪಾರಕ್ಕಿರುವ ಜುಲೈ ಕೊನೆಯ ಗಡುವಿನಲ್ಲಿ ರಿಲೀವರ್ (ಬುಲ್‌ಪೆನ್ ಪಿಚರ್) ಕೊಳ್ಳದವರಿಗೆ ಆಮೇಲೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆ.

ಉಳಿದ ಎದುರಾಳಿಗಳ ಬಗ್ಗೆ ಜನ ವಿಪರೀತ ತಲೆ ಕೆಡಿಸಿಕೊಳ್ಳುತ್ತಾರೆ. ಎದುರಾಳಿಗಳ ಗೆಲುವಿನ ಪ್ರಮಾಣ ಸರಾಸರಿ .520 ಇದ್ದರೂ 54 ಪಂದ್ಯಕ್ಕೆ ಒಂದು ಗೆಲುವಿನ ವ್ಯತ್ಯಾಸ, ಅಷ್ಟೇ.

ಇಷ್ಟೆಲ್ಲ ಮಾಡಿದರೂ 2024ರ ಡೆಟ್ರಾಯಿಟ್ ಟೈಗರ್ಸ್ ಸಿಗುವುದಿಲ್ಲ. ಗಡುವಿನಲ್ಲಿ ಜಾಕ್ ಫ್ಲಾಹರ್ಟಿಯನ್ನು ಡಾಡ್ಜರ್ಸ್‌ಗೆ ಮಾರಿ, ಆಗಸ್ಟ್ 10ಕ್ಕೆ 55-63ರಲ್ಲಿದ್ದವರು ಅಲ್ಲಿಂದ 31-13 ಆಡಿ 86 ಗೆಲುವಿನೊಂದಿಗೆ ಒಳಗೆ ಬಂದರು. ಆ ದಿನ ಅವರಿಗೆ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಕೊಟ್ಟಿದ್ದರೆ ಲೆಕ್ಕ ತಪ್ಪಾಗುತ್ತಿತ್ತು. ಕಡಿಮೆ ಕೊಟ್ಟದ್ದೇ ಸರಿ, ಬಂದದ್ದೂ ನಿಜ.

ಸೆಪ್ಟೆಂಬರ್ 10ರ ನಂತರ ನಾನು ರನ್ ಅಂತರದ ಹಾಳೆ ಮಡಚಿಟ್ಟು ಮ್ಯಾಜಿಕ್ ನಂಬರ್‌ಗೆ (ಸ್ಥಾನ ಖಚಿತವಾಗಲು ಇನ್ನೂ ಬೇಕಾದ ನಮ್ಮ ಗೆಲುವು, ಅವರ ಸೋಲುಗಳ ಒಟ್ಟು) ಬರುತ್ತೇನೆ: 163ರಿಂದ ನಮ್ಮ ಗೆಲುವು, ಹಿಂದಿರುವ ತಂಡದ ಸೋಲು ಎರಡನ್ನೂ ಕಳೆಯುವುದು. 2022ರಿಂದ ಸಮಬಲವಾದರೆ ಹೆಚ್ಚುವರಿ ಪಂದ್ಯವಿಲ್ಲ, ಪರಸ್ಪರ ಆಡಿದ ಪಂದ್ಯಗಳೇ ತೀರ್ಪು. ಹಾಗಾಗಿ ಆ ಸರಣಿ ನಮ್ಮ ಕೈಯಲ್ಲಿದ್ದರೆ ಇನ್ನೊಂದು ಕಳೆಯಬೇಕು. 2025ರಲ್ಲಿ ನ್ಯೂಯಾರ್ಕ್ ಮೆಟ್ಸ್ ಒಂದು ಹಂತದಲ್ಲಿ 45-24 ಇತ್ತು, ರನ್ ಅಂತರ ಕೊನೆಗೂ 51. ಸಿನ್ಸಿನಾಟಿ ರೆಡ್ಸ್‌ದು 35. ಇಬ್ಬರೂ 83-79ಕ್ಕೆ ಬಂದು ನಿಂತರು. ಪರಸ್ಪರ ಪಂದ್ಯಗಳಲ್ಲಿ ರೆಡ್ಸ್ 4-2. ಒಳಗೆ ಹೋದದ್ದು ರೆಡ್ಸ್.